ಉತ್ತರದ ಗೋಡೆಯ ಹನ್ನೆರಡು ಮಂಚ

11 ಫೆಬ್ರವರಿ 1958, ಮಂಗಳವಾರ

ಇವತ್ತೂ ಅದೇ ಪಾಡು. ಆರೂವರೆಗೆ ಡ್ಯೂಟಿಗೆ ಬಂದು ನೋಡಿದರೆ ಹನ್ನೆರಡು ಮುದುಕಿಯರಲ್ಲಿ ಏಳು ಜನ ಹಿಂದುಮುಂದಾಗಿ ಮಲಗಿದ್ದಾರೆ. ದಿಂಬು ಕಾಲಿನ ಕಡೆ, ಕಾಲು ಗೋಡೆಯ ಕಡೆ. ಚಾರ್ಟು ತೂಗುಹಾಕುವ ಕೊಕ್ಕೆಗೆ ಒಬ್ಬಾಕೆ ತನ್ನ ಚೌರಿ ನೇತುಹಾಕಿದ್ದಾಳೆ. ಚಾರ್ಟು ಮಂಚದ ಕೆಳಗೆ.

ಈ ವಾರ್ಡು ಕಟ್ಟಿಸಿದ ಪುಣ್ಯಾತ್ಮ ಯಾರೋ... ದಕ್ಷಿಣಕ್ಕೆ ಪೂರ್ತಿ ಬಾಗಿಲು, ಕಿಟಕಿ. ಗೋಡೆ ಅಂತ ಇರುವುದು ಉತ್ತರಕ್ಕೆ ಮಾತ್ರ. ಅದರ ಮೇಲೆ ಒಂದರಿಂದ ಹನ್ನೆರಡು ನಂಬರು ಬರೆಸಿ, ನಂಬರಿನ ಕೆಳಗೆ ಮಂಚದ ತಲೆ ಬರುವಂತೆ ಇಟ್ಟಿದ್ದಾರೆ. ಎಲ್ಲರ ತಲೆಯೂ ಉತ್ತರಕ್ಕೆ. ಹಗಲೆಲ್ಲ ಸುಮ್ಮನಿರುತ್ತಾರೆ. ದೀಪ ಸಣ್ಣದಾದರೆ ಸಾಕು, ಒಬ್ಬೊಬ್ಬರೇ ದಿಂಬು ಎತ್ತಿಕೊಂಡು ತಿರುಗುತ್ತಾರೆ. ಕೇಳಿದರೆ ಒಂದೇ ಮಾತು: “ಅಂಗೆ ಮಲಗ್ಸದು ಎಣವ ಕಣವ್ವ.”

ನಮ್ಮ ಲಿಂಗಾಯತರಲ್ಲಿ ಹೆಣ ಕೂರಿಸಿ ಮಣ್ಣು ಮಾಡುತ್ತಾರೆ. ಮಲಗಿಸುವುದೇ ಇಲ್ಲ! ಅಂಥ ಮನೆಯ ಮುದುಕಿಯರೂ ಇದೇ ರಾಗ. ನಾನೂ ಇದೇ ಸೀಮೆಯ ಮಾಂಬಳ್ಳಿಯವಳೇ, ನನಗೇ ಪಾಠ.

ಎಲ್ಲರನ್ನೂ ಸರಿಮಾಡಿ ಮಲಗಿಸಲು ನನಗೂ ಆಯಾ ಚಿಕ್ಕನಿಂಗಮ್ಮನಿಗೂ ಮುಕ್ಕಾಲು ಗಂಟೆ ಹಿಡಿಯಿತು. ಸೊಂಟ ಬಿದ್ದುಹೋಯಿತು.

12 ಫೆಬ್ರವರಿ

ಹೆಡ್ ಕ್ಲರ್ಕ್ ಗುರುಪಾದಸ್ವಾಮಿ ಸುತ್ತೋಲೆ ತೋರಿಸಿದರು. ಮೈಸೂರಿನಲ್ಲಿ ಸಿಸ್ಟರ್ ಕೋರ್ಸು, ಒಂದು ವರ್ಷ; ಮುಗಿಸಿದರೆ ಸ್ಟಾಫ್ ನರ್ಸಿನಿಂದ ವಾರ್ಡ್ ಸಿಸ್ಟರ್. ವಾರ್ಡು ನಡೆಸುವುದು, ಕೈಕೆಳಗಿನವರಿಗೆ ಕಲಿಸುವುದು, ಹಾಸಿಗೆ ಹಿಡಿದ ವಯಸ್ಸಾದವರ ಶುಶ್ರೂಷೆ. ನನ್ನನ್ನೇ ಕೂರಿಸಿಕೊಂಡು ಬರೆದ ಹಾಗಿದೆ. ನಾಲ್ಕೇ ಸೀಟು.

ಐವತ್ತಾರರಲ್ಲಿ ಇದೇ ಕೋರ್ಸಿನ ಮದರಾಸಿನ ಲಿಸ್ಟಿನಲ್ಲಿ ಮೂರನೇ ಹೆಸರು ನನ್ನದೇ ಇತ್ತು. ಟ್ರಂಕು ಕಟ್ಟಿದ್ದೆ. ಅಷ್ಟರಲ್ಲಿ ನಮ್ಮ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನೀನು ನಮ್ಮವಳಲ್ಲ ಎಂದರು ಅವರು. ನಿನ್ನ ಕಾಗದ ಇನ್ನೂ ಬಂದಿಲ್ಲ ಎಂದರು ಇವರು. ಊರು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ, ಕೋರ್ಸು ಮಾತ್ರ ಹೋಯಿತು.

ಈಗ ಜುಲೈ ಒಂದಕ್ಕೆ ಮೂವತ್ತೈದು ತುಂಬಿರಬಾರದಂತೆ. ನನಗೆ ತುಂಬುವುದು ಆಗಸ್ಟಿನಲ್ಲಿ. ಈ ವರ್ಷ ಆದರೆ ಆಯಿತು, ಇಲ್ಲದಿದ್ದರೆ ಇನ್ನಿಲ್ಲ. ಮಾರ್ಚಿನಲ್ಲಿ ಮೈಸೂರಿನಿಂದ ನರ್ಸಿಂಗ್ ಸುಪರಿಂಟೆಂಡೆಂಟ್ ಮೇಡಂ ಇನ್ಸ್‌ಪೆಕ್ಷನ್‌ಗೆ ಬರುತ್ತಾರೆ. ನನ್ನ ಅರ್ಜಿಯ ಮೇಲೆ ಅವರು ಬರೆದಿದ್ದೇ ಕೊನೆ.

14 ಫೆಬ್ರವರಿ, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕನೇ ನಂಬರು, ಬಂಡಳ್ಳಿಯ ಗುರುಬಸಮ್ಮ, ಎಪ್ಪತ್ತೆರಡು ವರ್ಷ. ಕೊಟ್ಟಿಗೆಯಲ್ಲಿ ಜಾರಿ ತೊಡೆಮೂಳೆ ಮುರಿದು ಸೋಮವಾರ ಬಂದವಳು. ಕಾಲಿಗೆ ಪಟ್ಟಿ ಅಂಟಿಸಿ, ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯಿಂದ ಇಟ್ಟಿಗೆ ಇಳಿಬಿಟ್ಟಿದ್ದೇವೆ. ಹತ್ತು ವಾರ ಹಾಗೇ ಎಳೆದಿಟ್ಟರೆ ಮೂಳೆ ನೆಟ್ಟಗೆ ಕೂಡುತ್ತದೆ. ಇಲ್ಲದಿದ್ದರೆ ಕಾಲು ಗಿಡ್ಡ, ಇರುವಷ್ಟು ದಿನ ಕೂತಲ್ಲೇ.

ಇವತ್ತು ನೋಡುತ್ತೇನೆ—ಇಟ್ಟಿಗೆ ನೆಲದ ಮೇಲೆ! ಎದ್ದು ಕೂತು, ಗಂಟು ಬಿಚ್ಚಿ, ಮುರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಿರುಗಿ ಮಲಗಿದ್ದಾಳೆ ಮಹಾತಾಯಿ. ಹಾಯಾಗಿ ನಿದ್ದೆ ಬೇರೆ.

“ಅಜ್ಜೀ, ಕಾಲು ಬೇಕೋ ಬೇಡವೋ ನಿನಗೆ?”

“ಬೇಕು ಕಣ್ ಕೂಸೇ. ಬದುಕ್ಬೇಕು ಅಂತ್ಲೇ ಬಂದಿರದು. ಎಣದಂಗೆ ಮಲಗ್ಸುದ್ರೆ ಎಂಗ್ ಬದುಕ್ಲಿ ಏಳು?”

ಡಾಕ್ಟರ್ ಸದಾಶಿವಪ್ಪ ಮತ್ತೆ ಎಳೆದು ಕಟ್ಟಿದರು. ಅಜ್ಜಿಯ ಕೂಗು ಗೇಟಿನವರೆಗೆ ಕೇಳಿತು.

18 ಫೆಬ್ರವರಿ

ಮತ್ತೆ ಬಿಚ್ಚಿದ್ದಾಳೆ.

ಮಗ ಪುಟ್ಟಬಸಪ್ಪನನ್ನು ಕರೆದು ಬುದ್ಧಿ ಹೇಳಿಸೋಣವೆಂದರೆ ಅವನು ಅವಳ ತಲೆದೆಸೆಯಲ್ಲಿ ಕುಕ್ಕರುಗಾಲಲ್ಲಿ ಕೂತು, “ನಮ್ಮವ್ವ ಏಳದ್ರಲ್ಲಿ ತೆಪ್ಪೇನಿಲ್ಲ ಬುಡಿ ಸಿಸ್ಟರವ್ವ” ಎಂದ. ಹೋಗಯ್ಯಾ ಆಚೆ ಎಂದೆ.

ಡಾಕ್ಟರು ಒಂದೇ ಮಾತು ಹೇಳಿದರು. ಕೈ ಕಟ್ಟಿ.

ಕಟ್ಟಿದೆ. ಬ್ಯಾಂಡೇಜು ಬಟ್ಟೆಯಲ್ಲಿ, ಮೆತ್ತಗೆ, ಎರಡೂ ಕೈ ಮಂಚದ ಸರಳಿಗೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಲಿಂಗಪೂಜೆಗೆ ಕೈ ಬಿಚ್ಚಿದೆ, ಆದ ಮೇಲೆ ತಾನೇ ಎರಡೂ ಕೈ ಮುಂದೆ ಚಾಚಿದಳು. ಕಟ್ಟಿಸಿಕೊಳ್ಳಲು.

19 ಫೆಬ್ರವರಿ, ಬೆಳಿಗ್ಗೆ 5.30

ಎದ್ದು ಹಾಸಿಗೆ ಸುತ್ತುತ್ತಿದ್ದೆ. ಕ್ವಾರ್ಟರ್ಸಿನ ಈ ಒಂದು ರೂಮಿಗೆ ಬಂದು ಆರು ವರ್ಷ. ಬಾಗಿಲಿಗೆ ಅಡ್ಡ ಬರುತ್ತದೆಂದು ಗೊತ್ತಿದ್ದೂ ಹಾಸಿಗೆ ಹಾಸುವುದು ಪೂರ್ವಕ್ಕೆ ತಲೆ ಮಾಡಿ. ಬಂದವರೆಲ್ಲ ಎಡವುತ್ತಾರೆ. ಉತ್ತರಕ್ಕೆ ಹಾಸಿದರೆ ಯಾರಿಗೂ ತೊಂದರೆಯಿಲ್ಲ. ಒಂದು ದಿನವಾದರೂ ಹಾಸಿದೆನೇ?

ಮುಖಕ್ಕೆ ಹೊಡೆದ ಹಾಗಾಯಿತು. ನಾನು ಕೋಯಮತ್ತೂರಿನಲ್ಲಿ ಓದಿದವಳು. ನಾನೇ ಹೀಗೆ. ಆ ಅಜ್ಜಿಯ ಕೈ ಕಟ್ಟಿದ್ದೇನೆ.

ಅದೇ ದಿನ, ಮಧ್ಯಾಹ್ನ

ತಿರುಗಿಸಿಬಿಟ್ಟೆ. ಮುದುಕಿಯರನ್ನಲ್ಲ, ಮಂಚಗಳನ್ನು. ಯಾರನ್ನೂ ಕೇಳಲಿಲ್ಲ. ಹನ್ನೆರಡೂ ಮಂಚ—ತಲೆ ನಡುವಣ ದಾರಿಯ ಕಡೆ, ಕಾಲು ಗೋಡೆಯ ಕಡೆ. ನಾಲ್ಕನೆಯದಕ್ಕೆ ಇಟ್ಟಿಗೆ ಇಳಿಬೀಳಲು ಗೋಡೆಯಿಂದ ಒಂದು ಮೊಳ ಜಾಗ ಬಿಟ್ಟೆವು. ಚಿಕ್ಕನಿಂಗಮ್ಮ ಬೆವರು ಒರೆಸಿಕೊಂಡು, “ಈ ಬುದ್ಧಿ ಓದ್ ವರ್ಸವೇ ಬಂದಿದ್ರೆ ನನ್ ಸ್ವಂಟ ಉಳೀತಿತ್ತು ಅಮ್ಮಾರೇ” ಎಂದಳು. ಇವಳದೊಂದು!

ಗುರುಬಸಮ್ಮನ ಕೈ ಬಿಚ್ಚಿದೆ. ಮಣಿಕಟ್ಟಿನ ಹತ್ತಿರ ಕೆಂಪಗಾಗಿತ್ತು. ಎಣ್ಣೆ ಸವರಿದೆ. ತಪ್ಪಾಯಿತು ಅಜ್ಜೀ ಎಂದೆ.

“ಆಯ್ತು ಬುಡು. ನಮ್ಮತ್ತೆನೂ ಕಟ್ಟಾಕಿದ್ಲು ಒಂದ್ಸಲ” ಎಂದಳು. ಏಕೆಂದು ಕೇಳುವ ಧೈರ್ಯವಾಗಲಿಲ್ಲ.

ಡಾಕ್ಟರು ರೌಂಡ್ಸಿಗೆ ಬಂದು ಬಾಗಿಲಲ್ಲೇ ನಿಂತರು. “ಏನ್ರೀ ಇದು, ಮುಖ ಒಂದು ಕಡೆ, ನಂಬರು ಒಂದು ಕಡೆ?” ಒಂದು ತಿಂಗಳು ನೋಡಿ ಸಾರ್, ಬಿದ್ದವರೆಷ್ಟು, ಬಿಚ್ಚಿದವರೆಷ್ಟು, ಬರೆದಿಡುತ್ತೇನೆ ಎಂದೆ. “ಇನ್ಸ್‌ಪೆಕ್ಷನ್ ಹೊತ್ತಿಗೆ ಸರಿಮಾಡಿ” ಎಂದು ಹೋದರು.

9 ಮಾರ್ಚ್, ಭಾನುವಾರ

ಹದಿನೆಂಟು ದಿನ. ಬಿದ್ದವರು ಇಲ್ಲ. ಬಿಚ್ಚಿದವರು ಇಲ್ಲ. ಉಳಿದ ಮುಕ್ಕಾಲು ಗಂಟೆಯಲ್ಲಿ ಆಯಾಗಳಿಗೆ ಪಾಠ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಹೇಗೆ ಮಗ್ಗುಲು ಬದಲಿಸುವುದು, ಹಲ್ಲಿಲ್ಲದವರಿಗೆ ಗಂಟಲಿಗೆ ಹತ್ತದಂತೆ ಗಂಜಿ ಹೇಗೆ ಕುಡಿಸುವುದು. ನೋಡಲು ಬಂದ ಸೊಸೆಯಂದಿರೂ ನಿಂತು ಕೇಳುತ್ತಾರೆ. ಹೂಗ್ಯಂ ಊರಿನ ಸೊಸೆಯೊಬ್ಬಳು ತಾನೇ ಅತ್ತೆಯನ್ನು ಮಗುಚಿ ತೋರಿಸಿದಳು. ಅತ್ತೆ, “ಮೆತ್ಗೆ ಕಣವ್ವ, ರಾಗಿ ಮೂಟೆ ಅಲ್ಲ ನಾನು” ಎಂದು ಗದರಿದಳು. ಎಲ್ಲರೂ ನಕ್ಕರು. ನಾನೂ.

ಗುರುಪಾದಸ್ವಾಮಿಗೆ ಮಾತ್ರ ಸಮಾಧಾನವಿಲ್ಲ. ತಲೆಯ ಮೇಲೆ ನಂಬರಿಲ್ಲದಿದ್ದರೆ ರಿಜಿಸ್ಟರ್ ಹೇಗಮ್ಮ ಬರೆಯುವುದು ಅಂತ. ನಂಬರು ಕಾಲಿನ ಹತ್ತಿರ ಇದೆಯಲ್ಲ ಸ್ವಾಮಿ, ಕಾಲು ನೋಡಿ ಬರೆಯಿರಿ ಎಂದೆ.

24 ಮಾರ್ಚ್, ಸೋಮವಾರ — ಮಧ್ಯಾಹ್ನ 12

ಮೇಡಂ ಬಂದರು. ಇಸ್ತ್ರಿ ಸೀರೆ, ಬಿಳೀ ಶೂ, ಐವತ್ತರ ಮೇಲಿರಬಹುದು. ಹಾಸಿಗೆ ಬಟ್ಟೆ ನೋಡಿದರು, ಬೆನ್ನುಗಳನ್ನು ನೋಡಿದರು. ಹುಣ್ಣು ಒಂದೂ ಇಲ್ಲ. ಚಿಕ್ಕನಿಂಗಮ್ಮನನ್ನು ಕೇಳಿದ ಪ್ರಶ್ನೆಗೆಲ್ಲ ಅವಳು ಪಟಪಟ ಹೇಳಿದಳು. ನನ್ನ ಎದೆ ಅಷ್ಟಗಲವಾಗಿತ್ತು.

ಆಮೇಲೆ ಗೋಡೆ ನೋಡಿದರು.

ಕಾರಣ ಹೇಳಿದೆ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಮೂಢನಂಬಿಕೆ ಬಿಡಿಸೋದಕ್ಕೆ ನಾವಿರೋದು, ಅದಕ್ಕೆ ಮಂಚ ಹಾಕಿಕೊಡೋದಕ್ಕಲ್ಲ. ಹನ್ನೆರಡೂ ಮೊದಲಿನ ಹಾಗೆ ಆಗಲಿ. ನಾನು ಹನೂರಿನ ಹೆರಿಗೆ ಸೆಂಟರ್ ನೋಡಿ ಬರುತ್ತೇನೆ. ಬಂದ ಮೇಲೆ ನಿಮ್ಮ ಅರ್ಜಿಯ ಮೇಲೆ ಷರಾ ಬರೆಯುತ್ತೇನೆ.”

ಡಾಕ್ಟರು ನನ್ನ ಕಡೆ ನೋಡಿದರು. ಸುಮ್ಮನಿರಮ್ಮ ಅನ್ನುವ ಹಾಗೆ.

ಹನ್ನೊಂದು ತಿರುಗಿಸುತ್ತೇನೆ ಮೇಡಂ, ನಾಲ್ಕನೆಯದು ಆಗುವುದಿಲ್ಲ ಎಂದೆ. ಆರು ವಾರವಾಗಿದೆ, ಮೂಳೆ ಈಗ ತಾನೇ ಹಿಡಿಯುತ್ತಿದೆ, ಅವಳು ಬಿಚ್ಚಿದರೆ ಮುಗಿಯಿತು.

“ನಿಮಗೆ ಕೋರ್ಸು ಬೇಕಲ್ಲವೇ?”

ಬೇಕು ಮೇಡಂ.

“ಹಾಗಾದರೆ ಹನ್ನೆರಡು.”

ಫೈಲು ಕಂಕುಳಲ್ಲಿಟ್ಟುಕೊಂಡು ಜೀಪು ಹತ್ತಿದರು. ನನ್ನ ಬಾಯಿ! ಹನ್ನೊಂದು ತಿರುಗಿಸಿದೆವು. ನಾಲ್ಕನೆಯದರ ಸರಳು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಕೈ ಬಿಟ್ಟು ಬಂದೆ.

ಅದೇ ದಿನ, ಸಂಜೆ 6

ಮೂರಕ್ಕೆ ಜೀಪು ವಾಪಸು ಬಂತು. ಬಿಸಿಲಿಗೆ ಮೇಡಂಗೆ ತಲೆಸುತ್ತು, ದಾರಿಯಲ್ಲಿ ಎರಡು ಸಲ ವಾಂತಿ. ನಿಲ್ಲಲಾಗುತ್ತಿಲ್ಲ. ಖಾಲಿಯಿದ್ದದ್ದು ಒಂಬತ್ತನೇ ಮಂಚ. ಅವರೇ ಹೇಳಿದಂತೆ ತಿರುಗಿಸಿ ಇಟ್ಟಿದ್ದು, ತಲೆ ಉತ್ತರಕ್ಕೆ. ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಹಣೆಗೆ ತಣ್ಣೀರು ಬಟ್ಟೆ ಹಾಕಿ, ಮಲಗಿಸಿ ಬಂದೆ.

ನಾಲ್ಕೂವರೆಗೆ ಕಾಫಿ ತೆಗೆದುಕೊಂಡು ಹೋದರೆ...

ದಿಂಬು ಕಾಲಿನ ಕಡೆ. ಬಿಳೀ ಶೂ ಬಿಚ್ಚಿದ ಕಾಲು ಗೋಡೆಯ ಕಡೆ. ಗಾಢ ನಿದ್ದೆ.

ಇಡೀ ವಾರ್ಡು ಎದ್ದು ಕೂತು ನೋಡುತ್ತಿದೆ. ಗುರುಬಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, “ಎಬ್ಬುಸ್ಬ್ಯಾಡ ಕೂಸೇ, ಪಾಪ, ಅವ್ರೂ ಎತ್ತವ್ವನ ಮಗ್ಳೇ ಅಲ್ವಾ” ಎಂದಳು.

ಮೇಡಂ ಕಣ್ಣುಬಿಟ್ಟರು. ನನ್ನನ್ನು ನೋಡಿದರು. ದಿಂಬು ನೋಡಿದರು. “ಕಿಟಕಿ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು” ಎಂದರು.

ಹೌದು ಮೇಡಂ ಎಂದೆ.

ಕಾಫಿ ಕುಡಿದರು. ನಾಲ್ಕನೇ ಮಂಚದ ಮುಂದೆ ಒಂದು ಗಳಿಗೆ ನಿಂತರು. ಆಫೀಸಿನಲ್ಲಿ ಕೂತು ನನ್ನ ಅರ್ಜಿಯ ಮೇಲೆ ಬರೆದರು, ಲಕೋಟೆಗೆ ಹಾಕಿ ಅಂಟಿಸಿದರು, ಹೊರಟರು. ಜೀಪು ಗೇಟು ದಾಟುತ್ತಿದ್ದ ಹಾಗೇ ಹನ್ನೊಂದನ್ನೂ ಮತ್ತೆ ತಿರುಗಿಸಿದೆವು. ಡಾಕ್ಟರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ತಲೆಯೆತ್ತಲಿಲ್ಲ.

ಒಳ್ಳೆಯದನ್ನೇ ಬರೆದಿರುತ್ತಾರೆ. ಬರೆಯದೆ ಇರುತ್ತಾರೆಯೇ?

23 ಏಪ್ರಿಲ್

ಹಗ್ಗ ಬಿಚ್ಚಿದ ಮೂರನೇ ದಿನ. ಡಾಕ್ಟರು ಟೇಪು ಹಿಡಿದು ಅಳೆದರು. ಅರ್ಧ ಇಂಚು ಮಾತ್ರ ಕಡಿಮೆ. ಗುರುಬಸಮ್ಮನನ್ನು ನಾನೂ ಚಿಕ್ಕನಿಂಗಮ್ಮನೂ ಎರಡು ಕಡೆ ಹಿಡಿದು ನಿಲ್ಲಿಸಿದೆವು. ನಿಂತಳು! ಪುಟ್ಟಬಸಪ್ಪ ಬಾಗಿಲಲ್ಲಿ ನಿಂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. “ಅಳದು ಬುಟ್ಟು ಗಾಡಿ ಕಟ್ಲಾ” ಎಂದು ಅವ್ವ ಗದರಿದಳು. ಇನ್ನೂ ಹದಿನೈದು ದಿನ ಎಲ್ಲಿಗೂ ಇಲ್ಲ ಎಂದು ನಾನು ಗದರಿದೆ.

ಮೈಸೂರಿನಿಂದ ಏನೂ ಇಲ್ಲ.

30 ಮೇ

ಏನೂ ಇಲ್ಲ.

26 ಜೂನ್

ಇಲ್ಲ. ದಿನಾ ಟಪಾಲು ಹೊತ್ತಿಗೆ ಆಫೀಸಿನ ಮುಂದೆ ಏಕೆ ಸುಳಿಯುತ್ತೇನೋ. ಗುರುಪಾದಸ್ವಾಮಿ ನನ್ನನ್ನು ಕಂಡರೆ ಕನ್ನಡಕ ಒರೆಸುತ್ತಾರೆ.

4 ಜುಲೈ, ಶುಕ್ರವಾರ

ಬಂತು. ನಾಲ್ಕು ಹೆಸರು. ನನ್ನದಿಲ್ಲ.

ಮೇಡಂ ಬರೆದ ಷರಾ ನಕಲು ಮಾಡಿ ಕಳಿಸಿದ್ದಾರೆ. “ಕೆಲಸ ಉತ್ತಮ. ಮೇಲಿನವರ ಆಜ್ಞೆ ಪಾಲಿಸುವ ಅಭ್ಯಾಸ ಬರಬೇಕು. ಈ ವರ್ಷ ಬೇಡ. ಮುಂದಿನ ವರ್ಷ ಪರಿಶೀಲಿಸಬಹುದು.”

ಮುಂದಿನ ವರ್ಷ! ನನ್ನ ಹುಟ್ಟಿದ ತಾರೀಖು ಅದೇ ಹಾಳೆಯಲ್ಲಿದೆಯಲ್ಲ ತಾಯೀ, ಎರಡು ಗೆರೆ ಮೇಲೆ.

ಅತ್ತುಬಿಟ್ಟೆ. ಲಿನನ್ ರೂಮಿನಲ್ಲಿ, ಒಗೆದ ದುಪ್ಪಟಿ ಎಣಿಸುವ ನೆಪದಲ್ಲಿ. ಚಿಕ್ಕನಿಂಗಮ್ಮ ಬಾಗಿಲು ಎಳೆದುಕೊಂಡು ಹೊರಗೆ ಕಾವಲು ನಿಂತಿದ್ದಳು.

12 ಸೆಪ್ಟೆಂಬರ್, ಶುಕ್ರವಾರ

ಎರಡು ತಿಂಗಳಿಂದ ಬರೆದಿರಲಿಲ್ಲ. ಬರೆಯುವಂಥದ್ದೇನಿತ್ತು.

ಇವತ್ತು ಮೈಸೂರಿನ ಕಾಗದ. ಮೇಡಂ ಸಹಿ. ಸಿಸ್ಟರ್ ಕೋರ್ಸಿನ ನಾಲ್ವರನ್ನೂ ಎರಡು ವಾರ ಕೊಳ್ಳೇಗಾಲಕ್ಕೆ ಕಳಿಸುತ್ತಾರಂತೆ. ‘ವೃದ್ಧ ರೋಗಿಗಳ ಮಂಚ ಇರಿಸುವ ಕ್ರಮ, ಬೆನ್ನುಹುಣ್ಣು ಬಾರದಂತೆ ನೋಡಿಕೊಳ್ಳುವುದು, ಆಯಾಗಳಿಗೆ ಕಲಿಸುವ ವಿಧಾನ—ಇವನ್ನು ಸದರಿ ವಾರ್ಡಿನಲ್ಲಿ ಪ್ರತ್ಯಕ್ಷ ಕಲಿಯತಕ್ಕದ್ದು.’

ಎರಡು ಸಲ ಓದಿದೆ. ಕಾಗದ ಹರಿದುಹಾಕಬೇಕೆನಿಸಿತು. ಸರ್ಕಾರಿ ಕಾಗದ, ಹರಿಯುವ ಹಾಗೂ ಇಲ್ಲ.

15 ಸೆಪ್ಟೆಂಬರ್, ಸೋಮವಾರ

ಬೆಳಗಿನ ಬಸ್ಸಿಗೆ ಬಂದರು, ನಾಲ್ಕು ಜನ. ಹೊಸ ನೋಟ್‌ಬುಕ್ಕು, ಹೊಸ ಪೆನ್ನು. ಒಳ್ಳೆಯ ಮಕ್ಕಳೇ, ಸಿಡುಕಬೇಕೆಂದುಕೊಂಡಿದ್ದವಳಿಗೆ ಸಿಡುಕಲಾಗಲಿಲ್ಲ. ಹನ್ನೊಂದರವರೆಗೆ ನಿಂತೇ ಹೇಳಿದೆ. ಮಗ್ಗುಲು ಬದಲಿಸುವುದನ್ನು ಚಿಕ್ಕನಿಂಗಮ್ಮನ ಕೈಯಲ್ಲಿ ತೋರಿಸಿದೆ. ಎಲ್ಲ ಬರೆದುಕೊಂಡರು.

ಕೊನೆಗೆ ಕನ್ನಡಕದ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, ನೋಟ್‌ಬುಕ್ಕಿನ ಮೊದಲನೇ ಹಾಳೆ ತಿರುಗಿಸಿ, “ಸಿಸ್ಟರ್, ಇಲ್ಲಿ ಕಲಿಸಿದವರ ಹೆಸರು, ಅವರು ಕೋರ್ಸು ಮಾಡಿದ ವರ್ಷ ಬರೆಯಬೇಕಂತೆ. ನೀವು ಯಾವ ವರ್ಷದ ಬ್ಯಾಚು?” ಎಂದಳು.

ಚಿಕ್ಕನಿಂಗಮ್ಮ ಬೇಸಿನ್ ಹಿಡಿದುಕೊಂಡು ಹಾಗೇ ನಿಂತಳು. ಮುದುಕಿಯರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು.

ಹೆಸರು ಬರೆದುಕೋ ಮಗೂ ಎಂದೆ. ಚನ್ನಮಲ್ಲಮ್ಮ, ಸ್ಟಾಫ್ ನರ್ಸ್. ವರ್ಷ...