ಖಾಲಿಯಾದ ಚೊಂಬು

ಬೆಳುವಾಯಿ
೧೨ ನವೆಂಬರ್ ೨೦೨೫

ಪ್ರೀತಿಯ ಕಾಂತಿಗೆ ಅತ್ತಿಗೆಯ ನೆನಪುಗಳು.

ನಿನ್ನ ಮೆಸೇಜುಗಳಿಗೆಲ್ಲ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದೆ, ಬೇಸರಿಸಬೇಡ. ಫೋನಿನಲ್ಲಿ ಏನು ಮಾತಾಡಿದರೂ ನಿನ್ನ ಅಣ್ಣನಿಗೆ ಕೇಳಿಸುತ್ತದೆ. ನಿಮ್ಮ ಕಂಪೆನಿಯ ಮನೀಷ್ ರಜೆ ಮುಗಿಸಿ ಮಸ್ಕತ್‌ಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಮಗಳು ಪ್ರಾಪ್ತಿ ಪರೀಕ್ಷೆಗೆ ಓದುತ್ತಿದ್ದಾಳೆ, ಪಕ್ಕದ ಮನೆಯಲ್ಲಿ ಕೂತು.

ನಿನ್ನ ಅಣ್ಣ ಡಯಾಲಿಸಿಸ್‌ಗೆ ಮೂಡುಬಿದಿರೆಗೆ ಹೋಗುವುದು ತಾವೇ ಕಂಡಕ್ಟರ್ ಆಗಿದ್ದ ಬಂಟ್ವಾಳದ ಬಸ್ಸಿನಲ್ಲಿ. ಈಗಿನ ಕಂಡಕ್ಟರ್ ಅನ್ಸಾಫ್ ಮೊದಮೊದಲು, "ರುಕ್ಮಣ್ಣ, ನಿಮ್ಮ ಹತ್ರ ದುಡ್ಡು ತಗೊಂಡರೆ ನನ್ನ ಕೈ ಬಿದ್ದು ಹೋಗ್ತದೆ ಮಾರಾಯ್ರೆ" ಎಂದರೆ ಇವರು ನಗುತ್ತಿದ್ದರು. ಆಮೇಲೊಂದು ದಿನ, ನನಗೆ ಭಿಕ್ಷೆ ಹಾಕುತ್ತೀಯಾ ಎಂದು ತುಂಬಿದ ಬಸ್ಸಿನಲ್ಲಿ ಅವನ ಮೇಲೆ ಹರಿಹಾಯ್ದರು. ಮನೆಯಲ್ಲಿ ತಟ್ಟೆ ಎಸೆದದ್ದು, ಪ್ರಾಪ್ತಿಯ ಪುಸ್ತಕ ಹರಿದದ್ದು ನಿನಗೆ ಗೊತ್ತೇ ಇದೆ.

ಈ ಮನೆಯಲ್ಲಿ ಹಾಗೆ ಕೂಗಾಡುತ್ತಿದ್ದವರು ನಿಮ್ಮ ದೊಡ್ಡಣ್ಣ ಧರ್ಣಪ್ಪ ಬಾವ ಒಬ್ಬರೇ. ಹಾಗಾಗಿ ನಿಮ್ಮ ಸಂಕಪ್ಪ ಮಾವ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ತೀರಿಹೋದ ಬಾವನೇ ತಮ್ಮನ ಮೈ ಸೇರಿ ಅನ್ನ ನೀರು ಕೇಳುತ್ತಿದ್ದಾರೆ ಎಂದು ಬಂದದ್ದನ್ನು ಯಾರೂ ಸಂಶಯಿಸಲಿಲ್ಲ. ಆ ಧ್ವನಿ, ಆ ಬೈಗುಳ, ಬಾವನದೇ. ನನಗಂತೂ ಸಮಾಧಾನವೇ ಆಯಿತು. "ನಾನು ಸಾಯೂದನ್ನೇ ಕಾಯ್ತಾ ಇದ್ದಿ ನೀನು" ಎಂದು ನನ್ನ ಮುಖಕ್ಕೆ ಹೇಳಿದ್ದು ನನ್ನ ಗಂಡ ಅಲ್ಲ ಎಂದಾಯಿತಲ್ಲ.

ಒಳಕೋಣೆಯಲ್ಲಿ ಬಾವನಿಗೆ ಎಲೆ ಹಾಕಿ ಕೋಳಿ ಸಾರು, ರೊಟ್ಟಿ ಬಡಿಸಿ, ಚೊಂಬು ತುಂಬ ನೀರಿಟ್ಟೆವು. ಸತ್ತವರು ಉಣ್ಣುವುದನ್ನು ನೋಡಬಾರದೆಂದು ಬಾಗಿಲು ಹಾಕಿ ಚಾವಡಿಯಲ್ಲಿ ಕೂತೆವು. ನಿನ್ನ ಅಣ್ಣ ಹಿತ್ತಲಿನ ಕಡೆ ಮಲಗಿದ್ದಾರೆಂದೇ ನಮ್ಮ ಎಣಿಕೆ. ಬಾಗಿಲು ತೆಗೆದಾಗ ಊಟ ಇದ್ದ ಹಾಗೇ ಇತ್ತು, ಚೊಂಬು ಮಾತ್ರ ಖಾಲಿ. "ಬಂದ, ಕುಡಿದು ಹೋದ" ಎಂದು ಮಾವ ಕಣ್ಣೊರೆಸಿಕೊಂಡರು. ನಿನಗೆ ಫೋನು ಮಾಡಿದ್ದು ಆಗಲೇ. ತಿರುಗಿ ನೋಡಿದರೆ ನಿನ್ನ ಅಣ್ಣನೂ ನಮ್ಮ ಹಿಂದೆ ಕೈಮುಗಿದು ನಿಂತಿದ್ದರು. ಗಡ್ಡ ಒದ್ದೆಯಾಗಿತ್ತು. ಅತ್ತಿದ್ದಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರಿಗೆ ಉಸಿರಾಡಲಾಗಲಿಲ್ಲ. ಆಸ್ಪತ್ರೆಯಲ್ಲಿ ತೂಕ ನೋಡಿದ ಡಾಕ್ಟರರು, ಅಳೆದು ಕೊಡಬೇಕಾದವರಿಗೆ ಇಷ್ಟು ನೀರು ಯಾರು ಕೊಟ್ಟದ್ದು ಎಂದು ನನ್ನನ್ನು ಗದರಿಸಿದರು. ಆಗ ಅರ್ಥವಾಯಿತು. ಅಡುಗೆಮನೆಯ ಕಡೆಯ ಬಾಗಿಲಿನಿಂದ ಒಳಕೋಣೆಗೆ ಹೋಗಿ ನೀರು ಕುಡಿದವರು ಇವರೇ. ಬಾಯಾರಿಕೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ.

ನಾನು ಮನೆಯ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರರು ನಗಲಿಲ್ಲ. ಇಂಥ ಕಾಯಿಲೆ ಬಂದವರಲ್ಲಿ ಮನಸ್ಸೂ ಕುಸಿಯುವುದುಂಟು, ಕೆಲವರಲ್ಲಿ ಅದು ಸಿಟ್ಟಾಗಿ ಹೊರಬರುತ್ತದೆ, ಅದೂ ಕಾಯಿಲೆಯೇ, ಅದಕ್ಕೂ ಮದ್ದಿದೆ ಎಂದರು. ಮಾತ್ರೆ ಶುರುವಾಗಿದೆ. ಗುಣ ಕಾಣಲು ಕೆಲವು ವಾರ ಬೇಕಂತೆ.

ಈಗ ಅವರು ಬೈಯುವುದೇ ಇಲ್ಲ. ಬಾವ ಬಿಟ್ಟು ಹೋದರು ಎಂದು ಮಾವನಿಗೆ ಸಂತೋಷ. ನನಗೆ ಈ ಮೌನದ್ದೇ ಹೆದರಿಕೆ. ಮೊನ್ನೆ ಬಸ್ಸು ಬಂದು ಹಾರ್ನ್ ಹಾಕಿದರೂ ಕುರ್ಚಿ ಬಿಟ್ಟು ಏಳಲಿಲ್ಲ, ಡಯಾಲಿಸಿಸ್ ತಪ್ಪಿತು. ಹೀಗೇ ತಪ್ಪುತ್ತಾ ಹೋದರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡಣ್ಣನ ಸುದ್ದಿ ಅವರಲ್ಲಿ ಎತ್ತಬೇಡ. ರಜೆ ಸಿಕ್ಕಿದರೆ ಬಂದುಬಿಡು. ನಿನ್ನ ಮಾತಿಗಾದರೂ ಬಸ್ಸು ಹತ್ತಿಯಾರು.

ನೀನೂ ಮಕ್ಕಳೂ ಗಟ್ಟಿಯಾಗಿರಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಕುಸುಮ

ಮತ್ತೆ: ಬಾಯಾರಿಕೆ ಎಂದು ಮೇಲೆ ಬರೆದದ್ದು ಸರಿಯಲ್ಲ. ನಿನ್ನೆ ನಾನೇ ಕೇಳಿದೆ. "ನಾಳೆ ನನಗೂ ಹೀಗೇ ಬಡಿಸ್ಲಿಕ್ಕುಂಟಲ್ಲ, ಇವತ್ತೇ ಎಲೆ ಮುಂದೆ ಕೂತರೆ ಮುಗೀತದೆ ಅಂತ ಕಂಡಿತು" ಎಂದರು. ಕೂಡಲೇ ಡಾಕ್ಟರರಿಗೆ ತಿಳಿಸಿದೆ, ಇವರನ್ನು ಒಬ್ಬರನ್ನೇ ಬಿಡುತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ಗೋಡೆಯ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. "ಚೊಂಬು ಖಾಲಿ ಕಂಡು ನೀನು ನಗಾಡಿದೆ ಕುಸುಮ. ನನಗೆ ಕಾಯಿಲೆ ಬಂದ ಮೇಲೆ ನೀನು ನಗಾಡಿದ್ದು ಅವತ್ತೇ."

ಬೈದದ್ದು ಬಾವನೇ ಎಂದು ಖಾತ್ರಿಯಾಯಿತಲ್ಲ ಎಂದು ನಾನು ನಕ್ಕಿದ್ದು ಹೌದು, ಕಾಂತಿ.