ಗುಬ್ಬಿ ಬರೆದ ‘ಆದಾರ’

ಬುಧವಾರ, ಬೆಳಗ್ಗೆ

ಪ್ರೀತಿಯ ಗುಬ್ಬಿ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೊರಟು ಕೈ ತಡೆಯಿತು. ನೀನು ಕ್ಷೇಮವಿಲ್ಲ. ನಾಳೆ ಬೆಳಗ್ಗೆ ನಿನ್ನ ಗಂಟಲಿನ ಗಡ್ಡೆ ತೆಗೆಯುತ್ತಾರೆ. ಆಮೇಲೆ ಧ್ವನಿ ಉಳಿಯುತ್ತದೋ ಇಲ್ಲವೋ, ಡಾಕ್ಟರಿಗೂ ಖಾತ್ರಿಯಿಲ್ಲವಂತೆ. ಶನಿವಾರ ನಿನ್ನ ಗಂಡ ಫೋನ್ ಮಾಡಿ ಹೇಳಿದರು. ಈಗಲೇ ಬರುತ್ತೇನೆ ಅಂದೆ. ಅವರು, “ಬೇಡ ಅಂತಿದಾಳೆ ಅಕ್ಕಾ. ಬಂದ್ರೆ ನನ್ನ ಕೇಸ್ ಶೀಟಲ್ಲೂ ತಪ್ಪು ಹುಡುಕ್ತಾಳೆ ಅಂದ್ಲು” ಎಂದರು. ನಗು ಬಂತು ಕಣೇ. ಫೋನ್ ಇಟ್ಟ ಮೇಲೆ ಅಳು ಬಂತು.

ನಾಳೆಗೆ ಮುಂಚೆ ಒಂದು ಸಲ ನಿನ್ನನ್ನು ನೋಡಬೇಕು, ನಿನ್ನ ದನಿ ಕೇಳಬೇಕು. ನೀನು ಹೂಂ ಅನ್ನದೆ ನಿನ್ನ ಎದುರಿಗೆ ಬರುವುದಿಲ್ಲ. ಅದನ್ನು ಕೇಳುವುದಕ್ಕೇ ಈ ಕಾಗದ.

ನಾಲ್ಕು ವರ್ಷದ ಹಿಂದಿನ ಆ ವಿಷಯವನ್ನು ನಾವಿಬ್ಬರೂ ಎತ್ತಿಲ್ಲ, ಅವತ್ತಿನಿಂದ ಮಾತನ್ನೂ ಆಡಿಲ್ಲ. ನಾನೇ ಎತ್ತುತ್ತೇನೆ. ಏಳು ತಿಂಗಳಿಗೇ ನಿನ್ನ ಹೊಟ್ಟೆಯಲ್ಲಿದ್ದ ಮಗು ಹೋಗಿ ಇನ್ನೂ ಇಪ್ಪತ್ತು ದಿನವಾಗಿರಲಿಲ್ಲ. ನೀನು ನನಗೆ ಮೂರು ಪುಟದ ಕಾಗದ ಬರೆದಿದ್ದೆ. ಕೊನೆಯಲ್ಲಿ, “ಅಕ್ಕಾ, ನನಗೆ ಯಾರ ಆದಾರವೂ ಇಲ್ಲ ಅನಿಸುತ್ತಿದೆ” ಎಂದಿತ್ತು. ಧ ಇರಬೇಕಾದ ಕಡೆ ದ. ನಾನು ಕೆಂಪು ಪೆನ್ ತೆಗೆದು ಆ ದಕಾರದ ಹೊಟ್ಟೆ ಸೀಳಿದೆ. ಉಳಿದ ಪುಟಗಳಲ್ಲೂ ಹತ್ತೊಂಬತ್ತು ಕಡೆ ತಿದ್ದಿದೆ. ಧೈರ್ಯವಾಗಿರು, ಬೆಳಗ್ಗೆ ಬೇಗ ಏಳು, ಒಳ್ಳೆಯ ಪುಸ್ತಕ ಓದು ಅಂತ ಅರ್ಧ ಪುಟದ ಉಪದೇಶ ಗೀಚಿ, ಅದರ ಜೊತೆಗೆ ನಿನ್ನ ಕಾಗದವನ್ನೂ ವಾಪಸ್ ಕಳಿಸಿದೆ. ತಿದ್ದಿದ ಪ್ರೂಫನ್ನು ಬರೆದವರಿಗೇ ಹಿಂತಿರುಗಿಸುವುದು ನಮ್ಮ ಪ್ರೆಸ್ಸಿನ ಪದ್ಧತಿ.

ಅಯ್ಯೋ, ಎಂಥ ಕೆಲಸ ಮಾಡಿದೆ!

ಚಿಕ್ಕಂದಿನಲ್ಲಿ ನಿನ್ನ ಬರಹ ತಿದ್ದುವ ಕೆಲಸವನ್ನು ಅಮ್ಮ ನನಗೆ ಒಪ್ಪಿಸಿದ್ದಳು, ಅದೇ ಅಭ್ಯಾಸಬಲ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ನಿನ್ನ ಮೊದಲ ನಾಲ್ಕು ಸಾಲು ಓದುತ್ತಲೇ ಕೆಂಪು ಪೆನ್ನಿಗೆ ಕೈ ಹಾಕಿದೆ. ಅಕ್ಷರ ನೋಡುತ್ತಾ ಹೋದರೆ ಅರ್ಥ ನೋಡಬೇಕಾಗಿರಲಿಲ್ಲ. ನಿನ್ನ ದುಃಖ ಓದುವ ಧೈರ್ಯ ಸಾಲದೆ ಕಾಗುಣಿತ ಓದಿದೆ. ನೀನು ತಿಳಿದುಕೊಂಡ ಹಾಗೆ ಅದು ಜಂಬವಲ್ಲ ಗುಬ್ಬಿ, ಹೇಡಿತನ.

ನಮ್ಮ ಪ್ರೆಸ್ಸಿನಲ್ಲಿ ಈಗ ವ್ಯಕ್ತಿತ್ವ ವಿಕಸನದ ಪುಸ್ತಕಗಳದ್ದೇ ಭರಾಟೆ. ಕೋಪ ಗೆಲ್ಲುವುದು ಹೇಗೆ, ಸಂಬಂಧ ಉಳಿಸಿಕೊಳ್ಳುವುದು ಹೇಗೆ, ಹೀಗೆ. ಏನಿಲ್ಲವೆಂದರೂ ಮೂವತ್ತು ಓದಿರಬೇಕು. ಅಷ್ಟು ಓದಿಯೂ ಇದ್ದಲ್ಲೇ ಇದ್ದೇನೆ. ಸೋಮವಾರ ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದರ ಬಗ್ಗೆ ಇದ್ದ ಅಧ್ಯಾಯದ ಪ್ರೂಫ್ ನೋಡಿ ಮುಗಿಸಿದೆ. ಪುಟ ಜೋಡಿಸುವ ಮೇಡಂ, “ಏನ್ ಹೇಳಿದಾರ್ರೀ ಇದ್ರಲ್ಲಿ?” ಎಂದು ಕೇಳಿದರು. “ಹನ್ನೊಂದು ಕಾಗುಣಿತ ತಪ್ಪಿದೆ” ಅಂದೆ. ಅವರು ಬಿದ್ದುಬಿದ್ದು ನಕ್ಕರು. ನನಗೆ ನಗಲಾಗಲಿಲ್ಲ. ಪೆನ್ ಅಲ್ಲೇ ಬಿಟ್ಟು, ಹಾಳೆಗಳನ್ನು ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ, ಕೈ ಕಟ್ಟಿಕೊಂಡು ಮತ್ತೆ ಓದಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹಾಗೆ ಓದಿದ್ದು ಅದೇ ಮೊದಲು. ಕಷ್ಟ ಹೇಳಿಕೊಳ್ಳಲು ಬಂದವರಿಗೆ ಉತ್ತರ ಬೇಕಾಗಿರುವುದಿಲ್ಲ, ಎದುರಿಗೆ ಒಬ್ಬರು ಕೂತಿರಬೇಕು ಅಷ್ಟೇ ಅಂತ ಬರೆದಿದ್ದರು. ಆ ಸಾಲಿನಲ್ಲಿ ನಾನು ಒಂದು ಅಲ್ಪವಿರಾಮ ತೆಗೆದುಹಾಕಿದ್ದೆ.

ಹಾಗಂತ ನಾನು ರಾತ್ರೋರಾತ್ರಿ ದೇವತೆಯಾಗಿಬಿಟ್ಟೆ ಅಂದುಕೊಳ್ಳಬೇಡ. ಕನ್ನಡಿ ಮುಂದೆ ನಿಂತು ನನ್ನನ್ನು ನಾನೇ ಹೊಗಳಿಕೊಳ್ಳಬೇಕು ಎಂದು ಇನ್ನೊಂದು ಪುಸ್ತಕ ಹೇಳಿತ್ತು, ಅದನ್ನೂ ಮಾಡಿ ನೋಡಿದೆ. ಎರಡನೇ ದಿನಕ್ಕೇ ನಾಚಿಕೆಯಾಗಿ ಬಿಟ್ಟೆ. ಕ್ಷಮೆ ಕೇಳುವಾಗ ‘ಆದರೆ’ ಅನ್ನಬಾರದು ಎಂದು ಮತ್ತೊಬ್ಬರು ಬರೆದಿದ್ದರು. ನಿನಗೆ ಬರೆದು ಹರಿದುಹಾಕಿದ ಮೂರು ಕಾಗದಗಳಲ್ಲೂ ‘ಆದರೆ’ ಇತ್ತು. ಇದರಲ್ಲಿ ಇಲ್ಲ. ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ.

ನೀನು ಕಂಡಕ್ಟರ್ ಆಗಿರುವ ಬಸ್ಸಿಗೆ ಒಂದು ಸಲ ಹತ್ತಿದ್ದೆ, ನಿನಗೆ ಗೊತ್ತಿಲ್ಲ. ಹೋದ ವರ್ಷ. ಹಿಂದಿನ ಬಾಗಿಲಿನಿಂದ ಹತ್ತಿ ಜನರ ಮಧ್ಯೆ ಮುಖ ಮರೆಸಿಕೊಂಡು ನಿಂತೆ. “ಒಳಗ್ ಹೋಗ್ರೀ, ಒಳಗ್ ಹೋಗ್ರೀ, ಬಾಗ್ಲಲ್ಲೇನ್ ಮನೆ ಮಾಡ್ಕೊಂಡಿದೀರಾ?” ಎಂದು ನೀನು ಕೂಗಿದರೆ ಕೊನೆಯ ಸೀಟಿನವರೂ ಕಾಲು ಮಡಚಿಕೊಂಡರು. ಹತ್ತಿರ ಬಂದರೆ ಗುರುತು ಹಿಡಿಯುತ್ತೀಯೆಂದು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಆ ಗಂಟಲಿಗೆ ಹೀಗಾಯಿತಲ್ಲ! ಧ್ವನಿ ಉಳಿದರೆ ಎಷ್ಟು ಬೇಕಾದರೂ ಬಯ್ಯಿಸಿಕೊಳ್ಳುತ್ತೇನೆ. ಉಳಿಯದಿದ್ದರೆ ನೀನು ಹಾಳೆಯ ಮೇಲೆ ಹೇಗೆ ಬರೆದು ತೋರಿಸಿದರೂ ಹಾಗೇ ಓದುತ್ತೇನೆ. ಇದು ಯಾವ ಪುಸ್ತಕ ನೋಡಿಯೂ ಕೊಡುತ್ತಿರುವ ಮಾತಲ್ಲ.

ನಿನ್ನ ಹೂಂಗಾಗಿ ಕಾಯುತ್ತಿರುವ

ಅಕ್ಕ

ತಾ.ಕ.: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ನಿನ್ನೆ ಮಧ್ಯಾಹ್ನವೇ ಬಂದೆ. ಆಸ್ಪತ್ರೆಯ ಕೆಳಗಿನ ಬೆಂಚಿನಲ್ಲಿದ್ದೇನೆ, ನಿನ್ನ ವಾರ್ಡಿನ ಕಿಟಕಿಗೆ ಸರಿಯಾಗಿ ಕೆಳಗೆ. ಕಾಗದವನ್ನು ನರ್ಸಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಉತ್ತರ ಬರೆಯಬೇಡ ಗುಬ್ಬಿ. ಬಾ ಅನ್ನುವುದಾದರೂ ಸರಿ, ಹಾಳಾಗಿ ಹೋಗು ಅನ್ನುವುದಾದರೂ ಸರಿ, ಕಿಟಕಿ ತೆಗೆದು ಜೋರಾಗಿ ಕೂಗು.