ಅತ್ತೆಯ ಕೈ ತಗಲಿದ್ದು

ಹರಿಹರ, 12 ಆಗಸ್ಟ್ 1998, ಬುಧವಾರ

ಎಂಟು ವರ್ಷದ ಹಿಂದೆ ಕ್ಯಾನ್ಸರಿಗೆ ಎಡ ಮೊಲೆ ತೆಗೆಸಿ, ಆ ಜಾಗದಲ್ಲಿ ಇಡಿಸಿಕೊಂಡ ಸಿಲಿಕಾನ್ ಚೀಲ ಈಗ ಕಲ್ಲಿನಂತಾಗಿದೆ. ಮನೆಯಲ್ಲಿ ಗಡ್ಡೆ ತೆಗೆಸಿದೆನೆಂದಷ್ಟೇ ಹೇಳಿದ್ದೆ. ಹಾಗಾಗಿ ತಪಾಸಣೆಗೂ ಹೋಗಲಿಲ್ಲ. ದಾವಣಗೆರೆಯ ಡಾಕ್ಟರು ಇವತ್ತು, "ವರ್ಷಾ ವರ್ಷಾ ತೋರಿಸ್ಬೇಕಿತ್ತಲ್ರೀ ಮೇಡಂ. ಈಗ ತೆಗೀಲೇಬೇಕು. ಹೊಸದಿಟ್ರೂ ಜೀವನಪೂರ್ತಿ ಬರಲ್ರೀ" ಅಂದರು.

ಲಿಂಗದ ಬೆಳ್ಳಿ ಕರಡಿಗೆ ಆ ಜಾಗಕ್ಕೆ ತಗಲಿದರೆ ನೋಯುತ್ತದೆಂದು ಶಿವದಾರವನ್ನು ಗಿಡ್ಡ ಮಾಡಿಕೊಂಡಿದ್ದೆ. ಸಂಜೆ ಪೂಜೆಗೆ ಕೂತಾಗ ಅದು ಅತ್ತೆಯ ಕಣ್ಣಿಗೆ ಬಿತ್ತು. "ಇದೇನವ್ವಾ, ಲಿಂಗ ಎದಿ ಮ್ಯಾಲಿರಬೇಕು, ಕೊಳ್ಳಾಗ ಕಟ್ಕಂಡಿಯಲ್ಲ! ಬಾ ಇಲ್ಲಿ." ತಾವೇ ಗಂಟು ಬಿಚ್ಚಿ ಉದ್ದ ಮಾಡಿ ಕಟ್ಟಿದರು. ಕರಡಿಗೆಯನ್ನು ಎದೆಗೆ ಒತ್ತುವಾಗ ಅವರ ಕೈ ಆ ಗಡಸಿಗೆ ತಗಲಿ ನಿಂತಿತು.

ಏನೆಂದು ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ನನ್ನ ಸೆರಗು ಸರಿಮಾಡಿ ಎದ್ದು ಹೋದರು. ಇನ್ನು ನನ್ನಂತೆ ಅವರೂ ಇದನ್ನು ಮುಚ್ಚಿಡುತ್ತಾರೆ.